ನೂರು ಗ್ರಾಂ ಒಳಗಿನ ಸಾಹಿತ್ಯ

ಕನ್ನಡದ ಸಾಹಿತ್ಯ ಪತ್ರಿಕೆಯೊಂದು ನಿಂತುಹೋದಾಗಲೆಲ್ಲ ಇಂಟರ್ನೆಟ್ಟಿನ ಕಡೆ ಬೆರಳು ತೋರಿಸುವುದು ರೂಢಿ. ಪತ್ರಿಕೆಯ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಮಾತ್ರ ತಕ್ಕಡಿ, ಅಂಚೆ ನಿಯಮ, ಹಳತಾದ ವಿಳಾಸಪಟ್ಟಿ ಇವುಗಳ ತಂಟೆಯೇ ಹೆಚ್ಚು. ಈ ತಂಟೆಗಳು ಜಾಲತಾಣಗಳಿಗಿಂತ ಹಳೆಯವು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ಒಂದು ಸಣ್ಣ ಪತ್ರಿಕೆಯೇ. ಹರ್ಮನ್ ಮೊಗ್ಲಿಂಗ್ ಅದನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷವೇ ಅದು ಹೆಸರು ಬದಲಿಸಿಕೊಂಡು ಬಳ್ಳಾರಿ ಸೇರಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಂದ ಪರಿಷತ್ಪತ್ರಿಕೆ, ‘ಪ್ರಬುದ್ಧ ಕರ್ನಾಟಕ’ಗಳಿಗೆ ಸಂಸ್ಥೆಯ ಬೆಂಬಲವಿತ್ತು. ಮನೆಯ ವಿಳಾಸದಿಂದ, ಸಂಪಾದಕನ ಸಂಬಳದ ದುಡ್ಡಿನಿಂದ ನಡೆಯುವ ಪತ್ರಿಕೆಗಳ ಸಾಲು ಬೆಳೆದದ್ದು ಅರವತ್ತರ ದಶಕದಿಂದ ಈಚೆಗೆ. 1962ರಲ್ಲಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, 1964ರಲ್ಲಿ ಧಾರವಾಡದಿಂದ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ತಂದ ‘ಸಂಕ್ರಮಣ’, 1973ರಲ್ಲಿ ‘ಶೂದ್ರ’, 1981ರಲ್ಲಿ ಯು.ಆರ್. ಅನಂತಮೂರ್ತಿಯವರ ‘ರುಜುವಾತು’. ನವ್ಯದ ವಾದವೂ ಅದಕ್ಕೆ ಬಂಡಾಯ ಕೊಟ್ಟ ಉತ್ತರವೂ ಮೊದಲು ಅಚ್ಚಾದದ್ದು ಹೆಚ್ಚಾಗಿ ಇಂಥ ಪುಟಗಳಲ್ಲೇ. ದಿನಪತ್ರಿಕೆಯ ಪುರವಣಿಗೆ ಅಷ್ಟು ಉದ್ದದ ಜಗಳ ಹಿಡಿಸುತ್ತಿರಲಿಲ್ಲ.

ಆಗಿನ ಮಿತಿ ಮೊಳೆಯದು, ಅಂದರೆ ಒಂದೊಂದಾಗಿ ಜೋಡಿಸುವ ಸೀಸದ ಅಕ್ಷರದ್ದು. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರ ಸೇರಿ ನೂರಾರು ಖಾನೆಗಳ ಮೊಳೆ ಬೇಕು. ಸಣ್ಣ ಪ್ರೆಸ್ಸಿನಲ್ಲಿ ಎಂಟು ಪುಟ ಜೋಡಿಸುವಷ್ಟರಲ್ಲಿ ಯಾವುದೋ ಒಂದು ಅಕ್ಷರ ಖಾಲಿ. ಆ ಎಂಟು ಪುಟ ಅಚ್ಚಾಗಿ, ಮೊಳೆಗಳು ಮತ್ತೆ ಖಾನೆ ಸೇರಿದ ಮೇಲೆಯೇ ಮುಂದಿನ ಪುಟ. ಪ್ರೆಸ್ಸಿಗೆ ಮದುವೆ ಕಾಗದ ಬಂದರೆ ಪತ್ರಿಕೆ ಪಕ್ಕಕ್ಕೆ ಸರಿಯುತ್ತಿತ್ತು. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ, ಆಫ್‌ಸೆಟ್ ಬಂದ ಮೇಲೆ ಆ ತೊಡಕು ಹೋಯಿತು, ಅಂಚೆಯದು ಉಳಿಯಿತು.

2024ರವರೆಗೆ ಜಾರಿಯಲ್ಲಿದ್ದ 1898ರ ಅಂಚೆ ಕಾಯ್ದೆಯ 9ನೇ ಕಲಮಿನ ಪ್ರಕಾರ ‘ನೋಂದಾಯಿತ ಪತ್ರಿಕೆ’ ಎನಿಸಿಕೊಳ್ಳಲು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದಿತ್ತು, ನಿಜವಾದ ಚಂದಾದಾರರ ಪಟ್ಟಿ ಇರಬೇಕಿತ್ತು, ಒಳಗಿನ ಬರಹ ಬಹುಪಾಲು ಸುದ್ದಿ ಅಥವಾ ಪ್ರಚಲಿತ ವಿಷಯಗಳದಾಗಿರಬೇಕಿತ್ತು. 50 ಗ್ರಾಂ ಒಳಗಿನ ಪ್ರತಿ 25 ಪೈಸೆಗೆ ಹೋಗುವ ರಿಯಾಯಿತಿ ಇದ್ದದ್ದು ಇಂಥವಕ್ಕೆ ಮಾತ್ರ. ಅಂದರೆ ಮಾಸಿಕ ಒಳಗೆ, ತ್ರೈಮಾಸಿಕ ಹೊರಗೆ. ಗಂಭೀರ ಸಾಹಿತ್ಯ ಪತ್ರಿಕೆಗೆ ಒಗ್ಗುವ ಲಯವೇ ಮೂರು ತಿಂಗಳದ್ದು. ‘ಸಾಕ್ಷಿ’, ‘ರುಜುವಾತು’, 2005ರಲ್ಲಿ ವಿವೇಕ ಶಾನಭಾಗರು ಶುರುಮಾಡಿ ಏಳು ವರ್ಷ ನಡೆಸಿದ ‘ದೇಶ ಕಾಲ’, ಎಲ್ಲವೂ ತ್ರೈಮಾಸಿಕಗಳೇ. ರಿಯಾಯಿತಿಯ ಆಸೆಗೆ ಮಾಸಿಕವಾದವರು ಬೇರೆ ಕಷ್ಟಕ್ಕೆ ಸಿಕ್ಕಿದರು. ಲೈಸೆನ್ಸಿನಲ್ಲಿ ಬರೆದ ತಾರೀಕಿನಂದು, ಬರೆದ ಅಂಚೆ ಕಚೇರಿಯಲ್ಲೇ ಕಟ್ಟು ಬೀಳಬೇಕಿತ್ತು. ಲೇಖನ ಕೈಸೇರದೆ ಎರಡು ತಿಂಗಳಿಗೊಂದು ಜೋಡಿ ಸಂಚಿಕೆ ತಂದರೆ 31 ದಿನದ ಗಡಿ ದಾಟಿದಂತೆ. ಹಾಗಾಗಿ ಸರಕಿಲ್ಲದ ತಿಂಗಳಲ್ಲೂ ಪುಟ ತುಂಬಿಸಲೇಬೇಕಿತ್ತು. ಕನ್ನಡದಲ್ಲಿ ಅಚ್ಚಾದ ದುರ್ಬಲ ಕವಿತೆಗಳಲ್ಲಿ ಒಂದಿಷ್ಟರ ಹೊಣೆಯನ್ನು ಅಂಚೆ ಕಾಯ್ದೆಯೂ ಹೊರಬೇಕು.

ಈಚೆಗೆ ನಿಯಮಗಳು ಪಟಪಟನೆ ಬದಲಾಗಿವೆ. ಹೊಸ ಅಂಚೆ ಕಾಯ್ದೆ 2024ರ ಜೂನ್‌ನಲ್ಲಿ ಜಾರಿಗೆ ಬಂತು. ಅದೇ ಡಿಸೆಂಬರ್‌ನಲ್ಲಿ ಅಚ್ಚಾದ ಪುಸ್ತಕಗಳ ರಿಜಿಸ್ಟರ್ಡ್ ಬುಕ್‌ಪೋಸ್ಟ್ ನಿಂತಿತು. 2025ರ ಮೇ 1ರಿಂದ ಪುಸ್ತಕಗಳಿಗೆಂದು ‘ಜ್ಞಾನ ಪೋಸ್ಟ್’ ಎಂಬ ಅಂಚೆ ಸೇವೆ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100. ಆದರೆ ಜಾಹೀರಾತು ಇರುವ ಪ್ರಕಟಣೆಗೆ ಅಲ್ಲಿ ಜಾಗವಿಲ್ಲ. ಹಿಂಬದಿ ರಕ್ಷಾಪುಟದಲ್ಲಿ ಊರಿನ ಸಹಕಾರಿ ಬ್ಯಾಂಕಿನದೊಂದು ಜಾಹೀರಾತು ಹಾಕಿ ಕಾಗದದ ಖರ್ಚು ಹುಟ್ಟಿಸಿಕೊಳ್ಳುವ ಪತ್ರಿಕೆಗೆ ಇದರಿಂದ ಏನು ಬಂತು?

ಇನ್ನು ತೂಕ. ಅಂಚೆದರ ಏರದಿರಬೇಕಾದರೆ ಪ್ರತಿ 100 ಗ್ರಾಂ ಒಳಗೇ ಇರಬೇಕು. ಡೆಮಿ 1/8 ಅಳತೆಯ, ಅಂದರೆ ಐದೂವರೆ ಎಂಟೂವರೆ ಇಂಚಿನ ಹಾಳೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದಲ್ಲಿ ಸುಮಾರು 2.1 ಗ್ರಾಂ ತೂಗುತ್ತದೆ. 80 ಪುಟಕ್ಕೆ 40 ಹಾಳೆ, 84 ಗ್ರಾಂ. 250 ಜಿಎಸ್‌ಎಂ ರಕ್ಷಾಪುಟ 15 ಗ್ರಾಂ. ಒಟ್ಟು 99, ಸದ್ಯ ಗೆದ್ದೆವು ಎನ್ನುವಷ್ಟರಲ್ಲಿ ರ‍್ಯಾಪರ್ ಮತ್ತು ವಿಳಾಸದ ಚೀಟಿ 8 ಗ್ರಾಂ ಸೇರಿಸಿ 107 ಮಾಡುತ್ತವೆ. 100 ಗ್ರಾಂ ದಾಟಿದರೆ ಮೇಲಿನ ದರ, ಅದೂ ಪ್ರತಿಯೊಂದು ಪ್ರತಿಗೂ. 60 ಜಿಎಸ್‌ಎಂಗೆ ಇಳಿದರೆ ಒಟ್ಟು 95ಕ್ಕೆ ನಿಲ್ಲುತ್ತದೆ, ಆದರೆ ಹಿಂಬದಿಯ ಅಚ್ಚು ಈಚೆ ಕಾಣುತ್ತದೆ. ಗದ್ಯದ ಪುಟದಲ್ಲಿ ಕಣ್ಣಿಗೆ ಬೀಳದ ಈ ನೆರಳು, ಅರ್ಧ ಪುಟ ಖಾಲಿ ಬಿಟ್ಟ ಕವಿತೆಯ ಕೆಳಗೆ ಎದ್ದು ಕಾಣುತ್ತದೆ. 70 ಜಿಎಸ್‌ಎಂ ಇಟ್ಟುಕೊಂಡು 64 ಪುಟಕ್ಕೆ ಇಳಿಯುವುದು ಮೇಲು: 90 ಗ್ರಾಂ. 16 ಪುಟದ ನಾಲ್ಕು ಫಾರಂ ಸರಿಯಾಗಿ ಕೂತು ಕಾಗದವೂ ಪೋಲಾಗುವುದಿಲ್ಲ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಎರಡು ಮೂರು ಗ್ರಾಂ ಏರುವುದರಿಂದ 98 ಎಂದು ಬೇಸಿಗೆಯಲ್ಲಿ ತೂಗಿದ ಮಾದರಿಯನ್ನು ಜುಲೈನಲ್ಲಿ ನಂಬುವಂತಿಲ್ಲ.

ಚಂದಾದ ವಿಷಯದಲ್ಲಿ ಹಳೆಯ ತಪ್ಪೊಂದಿದೆ: ಆಜೀವ ಚಂದಾ. ಮೊದಲ ವರ್ಷ ಬಂದ ದೊಡ್ಡ ಮೊತ್ತ ಎರಡು ಮೂರು ಸಂಚಿಕೆಯ ಅಚ್ಚಿಗೆ ಕರಗುತ್ತದೆ; ಋಣ ಮಾತ್ರ ಚಂದಾದಾರ ಅಥವಾ ಪತ್ರಿಕೆ, ಇಬ್ಬರಲ್ಲೊಬ್ಬರು ಇಲ್ಲವಾಗುವವರೆಗೆ ಉಳಿಯುತ್ತದೆ. ಎರಡು ವರ್ಷದ ಚಂದಾ ಸಾಕು. ಹೊಸ ತಪ್ಪು ಯುಪಿಐ ತಂದದ್ದು. ಮನಿಯಾರ್ಡರ್ ಕೂಪನ್ನಿನಲ್ಲಿ ಕಳಿಸಿದವರ ವಿಳಾಸ ಇರುತ್ತಿತ್ತು, ಜೊತೆಗೆ ‘ಕಳೆದ ಸಂಚಿಕೆ ತಲುಪಿಲ್ಲ’ ಎಂಬ ದೂರೂ. ಈಗ ಖಾತೆಗೆ ದುಡ್ಡು ಬೀಳುತ್ತದೆ, ಒಂದು ಹೆಸರು ಕಾಣುತ್ತದೆ, ಎಲ್ಲಿಗೆ ಕಳಿಸಬೇಕೆಂಬುದು ದೇವರಿಗೇ ಗೊತ್ತು. ಕ್ಯೂಆರ್ ಕೋಡಿನ ಕೆಳಗೇ ‘ವಿಳಾಸ, ಪಿನ್‌ಕೋಡ್ ಮತ್ತು ಪಾವತಿಯ ಚಿತ್ರವನ್ನು ಈ ಸಂಖ್ಯೆಗೆ ವಾಟ್ಸಾಪ್ ಮಾಡಿ’ ಎಂದು ಅಚ್ಚು ಹಾಕದಿದ್ದರೆ ಚಂದಾ ಕಟ್ಟಿದವರಿಗೇ ಪತ್ರಿಕೆ ತಲುಪುವುದಿಲ್ಲ.

ಜಾಲದ ಕಥೆಯೂ ಈಗ ಎಳೆಯದಲ್ಲ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಬಂದದ್ದು 1996ರಲ್ಲಿ. ನಂತರದ ದಶಕದಲ್ಲಿ ‘ಸಂಪದ’, ‘ಕೆಂಡಸಂಪಿಗೆ’ ಬಂದವು. ಪುಸ್ತಕ ವಿಮರ್ಶೆ, ಪ್ರತಿಕ್ರಿಯೆ, ಹೊಸಬರ ಮೊದಲ ಕವಿತೆ ಇವೆಲ್ಲ ಅತ್ತ ಹೋದವು, ಹೋಗಿದ್ದು ಒಳ್ಳೆಯದೇ. ಮೂರು ತಿಂಗಳು ಕಾದು ಓದುವ ಪ್ರತಿಕ್ರಿಯೆಗೆ ಬಿಸಿ ಎಲ್ಲಿಂದ ಬರಬೇಕು? ಸಣ್ಣ ಪತ್ರಿಕೆಗೆ ಉಳಿದಿರುವ ಕೆಲಸ ಮೂವತ್ತು ನಲವತ್ತು ಪುಟದ ಪ್ರಬಂಧ, ನೀಳ್ಗತೆ, ಅನುವಾದ, ಮತ್ತು ಇಷ್ಟೇ ಸಾಕು ಎಂದು ಆಯ್ದು ಕಟ್ಟುವ ಸಂಪಾದನೆ. ಇದಕ್ಕೆ 300ರಿಂದ 500 ಪ್ರತಿ ಸಾಕು.

ಹಳೆಯ ಸಂಚಿಕೆಗಳನ್ನು ಜಾಲಕ್ಕೇರಿಸಲು ಹೊರಟರೆ ಇನ್ನೊಂದು ಕಂಟಕ ಎದುರಾಗುತ್ತದೆ. ತೊಂಬತ್ತರ ದಶಕದಿಂದೀಚೆ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರಿನಲ್ಲಿ ಮಾಡಿಟ್ಟ ಕಡತಗಳು ಈಗ ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಸಂಕೇತದಲ್ಲಿಲ್ಲ. ಅವುಗಳ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಇದನ್ನು ಸರಿಸದಿದ್ದರೆ ‘ಕರ್ನಾಟಕ’ ‘ಕನಾರ್ಟಕ’ ಆಗುತ್ತದೆ. ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಚಿಹ್ನೆ ಉದುರಿದರೆ ‘ಲಂಡನ್‌ನಲ್ಲಿ’ ಹೋಗಿ ‘ಲಂಡನ್ನಲ್ಲಿ’. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡಾಕ್ಷರವಾಗಿ ಹೊರಬೀಳುತ್ತದೆ. ಆದ್ದರಿಂದ ಪರಿವರ್ತಿಸಿದ ಪ್ರತಿಯನ್ನು ಅಚ್ಚಿನ ಪ್ರತಿಯ ಪಕ್ಕದಲ್ಲಿಟ್ಟು ಮತ್ತೊಮ್ಮೆ ಕರಡು ತಿದ್ದಲೇಬೇಕು. ಹೊಸ ಸಂಚಿಕೆಯಾದರೆ ಮೊದಲಿಂದಲೇ ಯೂನಿಕೋಡಿನಲ್ಲಿ ಪುಟ ಕಟ್ಟಿ, ಅಚ್ಚಿಗೆ ಹೋದ ಅಂತಿಮ ಕಡತದ ಪಠ್ಯವನ್ನೇ ತೆಗೆದಿಡಬೇಕು. ಲೇಖಕರು ಮೊದಲು ಕಳಿಸಿದ ಕಡತದಲ್ಲಿ ತಿದ್ದುಪಡಿಗಳು ಇರುವುದಿಲ್ಲ.

ಅಚ್ಚಿನ ಪ್ರತಿಗೂ ಒಂದು ಅಪಾಯವಿದೆ. ಗ್ರಂಥಾಲಯಗಳಲ್ಲಿ ವರ್ಷದ ಸಂಚಿಕೆಗಳನ್ನು ಒಟ್ಟು ಹೊಲಿದು ರಟ್ಟು ಹಾಕುವಾಗ ರಕ್ಷಾಪುಟ ಕಿತ್ತು ಬಿಸಾಡುವುದುಂಟು. ಸಂಪುಟ, ಸಂಚಿಕೆ, ತಿಂಗಳು, ಸಂಪಾದಕರ ಹೆಸರು ಎಲ್ಲವೂ ಅದರ ಮೇಲೇ ಇದ್ದರೆ ಒಳಗಿನದು ಊರುಕೇರಿ ಗೊತ್ತಿಲ್ಲದ ಕಾಗದ. ಪತ್ರಿಕೆಯ ಹೆಸರು, ಸಂಚಿಕೆ ಸಂಖ್ಯೆ, ವರ್ಷ ಇವು ಪ್ರತಿ ಎಡಪುಟದ ಅಡಿಯಲ್ಲಿ ಪುಟಸಂಖ್ಯೆಯ ಪಕ್ಕ 8 ಪಾಯಿಂಟಿನ ಸಣ್ಣ ಅಕ್ಷರದಲ್ಲಿ ಇರಲಿ. ಒಂದು ಸಾಲಿನ ಕೆಲಸ. ಓದುಗರು ಕವಿತೆಯ ಪುಟವನ್ನು ಫೋನಿನಲ್ಲಿ ಚಿತ್ರ ತೆಗೆದು ಹಂಚಿದಾಗ ಪತ್ರಿಕೆಯ ಹೆಸರು ಜೊತೆಯಲ್ಲೇ ಹೋಗುವುದೂ ಈ ಸಾಲಿನಿಂದಲೇ. ಕವಿತೆಗಳನ್ನು ಆದಷ್ಟು ಎಡಪುಟಕ್ಕೇ ಹಾಕಿ.