ಎಸೆಕ್ಸ್ ಹಡಗನ್ನು ಮುಳುಗಿಸಿದ್ದು ಬಿಳಿ ತಿಮಿಂಗಿಲವೇ?

ಪ್ರಶ್ನೆ: ‘ಮೋಬಿ ಡಿಕ್’ ಕಾದಂಬರಿಯ ಬಿಳಿ ತಿಮಿಂಗಿಲವೇ ಎಸೆಕ್ಸ್ ಹಡಗನ್ನು ಮುಳುಗಿಸಿದ್ದಂತೆ, ಅದರ ಕ್ಯಾಪ್ಟನ್ ಸೇಡಿಗಾಗಿ ಅದನ್ನು ಅಟ್ಟಿಸಿಕೊಂಡು ಹೋಗಿದ್ದನಂತೆ. ನಿಜವೇ?

ತಿಮಿಂಗಿಲ ಹಡಗನ್ನು ಮುಳುಗಿಸಿದ್ದು ನಿಜ. ಬಿಳಿ ಬಣ್ಣವೂ ಕ್ಯಾಪ್ಟನ್‌ನ ಸೇಡೂ ಕಾದಂಬರಿಯವು. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಆದ್ದರಿಂದ ಈ ಬಾರಿ ಬಿಡಿಸಿ ಹೇಳುತ್ತೇನೆ.

1820ರ ನವೆಂಬರ್ 20. ಅಮೆರಿಕದ ನಾಂಟುಕೆಟ್ ದ್ವೀಪದಿಂದ ಹೊರಟು ಹದಿನೈದು ತಿಂಗಳಾಗಿದ್ದ ಎಸೆಕ್ಸ್, ಪೆಸಿಫಿಕ್ ಸಾಗರದ ನಟ್ಟನಡುವೆ ತಿಮಿಂಗಿಲ ಬೇಟೆಯಲ್ಲಿತ್ತು. ಮೊದಲ ಮೇಟ್, ಅಂದರೆ ಕ್ಯಾಪ್ಟನ್‌ನ ನಂತರದ ಅಧಿಕಾರಿ, ಓವೆನ್ ಚೇಸ್‌ನ ದೋಣಿಗೆ ತಿಮಿಂಗಿಲವೊಂದರ ಬಾಲ ಬಡಿದು ಹಲಗೆ ಒಡೆದಿತ್ತು. ಅವನು ಹಡಗಿಗೆ ಮರಳಿ, ಆ ತೂತಿಗೆ ಕ್ಯಾನ್ವಾಸ್ ಇಟ್ಟು ಮೊಳೆ ಹೊಡೆಯುತ್ತಿದ್ದ. ಆಗ ಇನ್ನೊಂದು ತಿಮಿಂಗಿಲ ನೇರವಾಗಿ ಬಂದು ಹಡಗಿಗೆ ಗುದ್ದಿತು. ಗುದ್ದಿದ ಮೇಲೆ ಅದು ಹಡಗಿನ ಪಕ್ಕದಲ್ಲೇ ಮಲಗಿತ್ತು. ಈಟಿ ಎಸೆಯಬಹುದಿತ್ತು. ಆದರೆ ಬಾಲ ಚುಕ್ಕಾಣಿಯ ಹತ್ತಿರವಿತ್ತು, ಒಂದೇಟಿಗೆ ಚುಕ್ಕಾಣಿ ಮುರಿದೀತೆಂದು ಚೇಸ್ ಕೈ ತಡೆದ. ಅದು ಮುಂದೆ ಹೋಗಿ, ತಿರುಗಿ, ಇಮ್ಮಡಿ ವೇಗದಲ್ಲಿ ಬಂದು ಹಡಗಿನ ಮೂತಿಯನ್ನು ಒಡೆಯಿತು.

ಈಗ ನೋಡಿ, ಆ ಹೊತ್ತಿಗೆ ಕ್ಯಾಪ್ಟನ್ ಜಾರ್ಜ್ ಪೊಲಾರ್ಡ್ ಹಡಗಿನಲ್ಲಿಯೇ ಇರಲಿಲ್ಲ! ದೂರದಲ್ಲಿ ಬೇರೆ ದೋಣಿಯಲ್ಲಿ ಬೇಟೆಯಾಡುತ್ತಿದ್ದ. ಮರಳಿ ಬಂದು ‘ಏನಾಯಿತು?’ ಎಂದು ಚೇಸ್‌ನನ್ನು ಕೇಳಿದ. ಏಟು ಬಿದ್ದದ್ದನ್ನೇ ಕಾಣದವನಿಗೆ ಯಾವ ತಿಮಿಂಗಿಲದ ಮೇಲೆ ಹಳೆಯ ಹಗೆ? ಅದು ಬೇಕೆಂದೇ ಹೊಡೆಯಿತು ಎಂದು ಚೇಸ್ ನಂಬಿದ್ದು ಹೌದು. ಆದರೆ 1821ರಲ್ಲಿ ಅಚ್ಚಾದ ಅವನ ವೃತ್ತಾಂತದಲ್ಲಿ ಅದರ ಉದ್ದವಿದೆ, ವೇಗವಿದೆ, ಬಿಳಿ ಎಂಬ ಮಾತಿಲ್ಲ. ಬಿಳಿ ಬಣ್ಣ ಬಂದದ್ದು ಚಿಲಿಯ ಮೋಚಾ ದ್ವೀಪದ ಕಡೆಯ ‘ಮೋಚಾ ಡಿಕ್’ ಎಂಬ ತಿಮಿಂಗಿಲದಿಂದ. ಅದರ ಕಥೆಯನ್ನು ಜೆರೆಮಿಯಾ ರೆನಾಲ್ಡ್ಸ್ 1839ರಲ್ಲಿ ಬರೆದ. ಹರ್ಮನ್ ಮೆಲ್ವಿಲ್ ಎರಡನ್ನೂ ಬೆಸೆದು 1851ರಲ್ಲಿ ಕಾದಂಬರಿ ತಂದ. ಪೊಲಾರ್ಡ್‌ನನ್ನು ಅವನು ಕಣ್ಣಾರೆ ಕಂಡದ್ದು ಮರುವರ್ಷ. ಅಷ್ಟರಲ್ಲಿ ಪೊಲಾರ್ಡ್ ನಾಂಟುಕೆಟ್‌ನಲ್ಲಿ ರಾತ್ರಿ ಕಾವಲುಗಾರನಾಗಿದ್ದ. ಸೇಡಿನ ಕ್ಯಾಪ್ಟನ್‌ಗೂ ಈ ಸಾಧು ಮನುಷ್ಯನಿಗೂ ಹೋಲಿಕೆಯೇ ಇಲ್ಲ.

ಬಣ್ಣದ ಬಗ್ಗೆ ಇಷ್ಟು ಕೇಳುವವರು, ದೋಣಿಗಳು ಯಾವ ದಿಕ್ಕಿಗೆ ಹೊರಟವು ಎಂದು ಕೇಳುವುದಿಲ್ಲ. ಇಡೀ ದುರಂತ ಅಡಗಿರುವುದು ಅಲ್ಲೇ. ಒಡೆದ ಹಡಗನ್ನು ಬಿಟ್ಟು ಮೂರು ದೋಣಿಗಳಲ್ಲಿ ಇಪ್ಪತ್ತು ಜನ. ಗಾಳಿ ಪಶ್ಚಿಮಕ್ಕೆ ಬೀಸುತ್ತಿತ್ತು. ತಾಹಿತಿ ಇರುವ ಸೊಸೈಟಿ ದ್ವೀಪಗಳಿಗೆ ಹೋಗೋಣ ಎಂದು ಪೊಲಾರ್ಡ್ ಹೇಳಿದ. ಅಲ್ಲಿ ನರಭಕ್ಷಕರಿದ್ದಾರೆಂದು ಮೇಟ್‌ಗಳಿಬ್ಬರೂ ಹೆದರಿದರು. ತಾಹಿತಿಯಲ್ಲಿ 1797ರಿಂದಲೇ ಇಂಗ್ಲಿಷ್ ಪಾದ್ರಿಗಳು ನೆಲೆಸಿದ್ದ ಸುದ್ದಿ ಆ ದೋಣಿಗಳಲ್ಲಿದ್ದವರಿಗೆ ತಲುಪಿರಲಿಲ್ಲ. ಕ್ಯಾಪ್ಟನ್ ಮಣಿದ. ಗಾಳಿಗೆದುರಾಗಿ, ದಕ್ಷಿಣಕ್ಕೆ ಸುತ್ತು ಹಾಕಿ, ದಕ್ಷಿಣ ಅಮೆರಿಕದತ್ತ ಹೊರಟರು.

ಬದುಕಿ ಬಂದವರು ಎಂಟೇ ಜನ. ಅವರಲ್ಲಿ ಮೂವರು ನಡುದಾರಿಯ ಹೆಂಡರ್ಸನ್ ದ್ವೀಪದಲ್ಲೇ ಉಳಿದುಕೊಂಡವರು. ಉಳಿದ ಐವರು ಸತ್ತ ಸಂಗಾತಿಗಳ ಮಾಂಸ ತಿಂದು ಜೀವ ಹಿಡಿದರು. ಪೊಲಾರ್ಡ್‌ನ ದೋಣಿಯಲ್ಲಿ ಕೊನೆಗೆ ಚೀಟಿ ಎತ್ತಿದರು. ಸಾಯಬೇಕಾದವನ ಚೀಟಿ ಬಂದದ್ದು ಓವೆನ್ ಕಾಫಿನ್ ಎಂಬ ಹುಡುಗನಿಗೆ. ಅವನು ಕ್ಯಾಪ್ಟನ್‌ನ ಸ್ವಂತ ಸೋದರ ಸಂಬಂಧಿ.