ಆನೆ ಲದ್ದಿಯೊಳಗಿನ ರಾಜಿ

ನಮ್ಮ ತಾಳವಾಡಿ, ಆಸನೂರು ಕಡೆ ದಾರಿಯಲ್ಲಿ ಆನೆ ಲದ್ದಿ ಬಿದ್ದಿದ್ದರೆ ಜನ ನೋಡುವುದು ಒಂದೇ. ಹಸಿ ಇದೆಯಾ, ಒಣಗಿದೆಯಾ? ಹಸಿ ಇದ್ದರೆ ಆನೆ ಇಲ್ಲೇ ಎಲ್ಲೋ ಇದೆ ಅಂತ ಲೆಕ್ಕ. ಆದರೆ ಆ ಲದ್ದಿಯಲ್ಲಿ ಇನ್ನೊಂದು ಜೀವಿಯೂ ಸವಾರಿ ಮಾಡಿಕೊಂಡು ಬಂದಿರುತ್ತದೆ. ಅದರ ಬದುಕು ನನಗೆ ಆನೆಯಷ್ಟೇ ದೊಡ್ಡ ಬೆರಗು.

ಅದು ಕಾಡಿನ ಮಣ್ಣಿನಲ್ಲಿರುವ ಒಂದು ಬಗೆಯ ಅಮೀಬಾ. ಹೆಸರು ಡಿಕ್ಟಿಯೊಸ್ಟೀಲಿಯಮ್. ಸುಮಾರು ನೂರು ಅಮೀಬಾಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗಬಹುದು, ಅಷ್ಟು ಚಿಕ್ಕದು. ಬ್ಯಾಕ್ಟೀರಿಯಾ ತಿನ್ನುತ್ತದೆ, ಎರಡಾಗಿ ಒಡೆಯುತ್ತದೆ, ಮತ್ತೆ ತಿನ್ನುತ್ತದೆ. ಪಕ್ಕದಲ್ಲಿರುವ ಅಮೀಬಾ ಅದಕ್ಕೆ ಪೈಪೋಟಿಗಾರ, ಅಷ್ಟೇ. ಇಬ್ಬರ ಕಣ್ಣೂ ಒಂದೇ ಬ್ಯಾಕ್ಟೀರಿಯಾ ಮೇಲೆ.

ಊಟ ಮುಗಿದಾಗ ಎಲ್ಲ ಬದಲಾಗುತ್ತದೆ. ಹಸಿದ ಅಮೀಬಾ ಸುತ್ತಲೂ ಒಂದು ರಾಸಾಯನಿಕ ಬಿಡುತ್ತದೆ. ಅದು ತಗುಲಿದ ಅಮೀಬಾ, ಆ ರಾಸಾಯನಿಕ ಬಂದ ದಿಕ್ಕಿಗೆ ಹೊರಡುತ್ತದೆ, ಹೊರಡುವಾಗ ತಾನೂ ಅದನ್ನೇ ಬಿಟ್ಟು ಹಿಂದಿನವರನ್ನು ಕರೆಯುತ್ತದೆ. ಪ್ರಯೋಗಾಲಯಗಳಲ್ಲಿ ಹೆಚ್ಚು ಅಧ್ಯಯನವಾಗಿರುವ ಡಿಸ್ಕಾಯ್ಡಿಯಮ್ ಜಾತಿಯಲ್ಲಿ ಈ ರಾಸಾಯನಿಕ ಸೈಕ್ಲಿಕ್ ಎಎಂಪಿ ಅಂತ 1967ರಲ್ಲಿ ಗೊತ್ತಾಯಿತು. ನಮಗೆ ಗಾಬರಿಯಾದಾಗ ಅಡ್ರಿನಲಿನ್ ಹೊತ್ತು ತಂದ ಸುದ್ದಿಯನ್ನು ಜೀವಕೋಶದೊಳಗೆ ದಾಟಿಸುವುದೂ ಇದೇ ಅಣು!

ಹೀಗೆ ಸಾವಿರಾರು, ಕೆಲವೊಮ್ಮೆ ಲಕ್ಷದಷ್ಟು ಅಮೀಬಾಗಳು ಒಂದೆಡೆ ಸೇರಿ, ಎರಡು ಮೂರು ಮಿಲಿಮೀಟರ್ ಉದ್ದದ ಲೋಳೆ ಹುಳುವಿನಂತಾಗಿ, ಬೆಳಕಿನ ಕಡೆ ತೆವಳುತ್ತವೆ. ಆಮೇಲೆ ಆ ಗುಂಪು ನೆಟ್ಟಗೆ ಎದ್ದು ನಿಲ್ಲುತ್ತದೆ. ಡಿಸ್ಕಾಯ್ಡಿಯಮ್‌ನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜೀವಕೋಶಗಳು ನೀರು ತುಂಬಿಕೊಂಡು ಉಬ್ಬಿ, ಸುತ್ತ ಸೆಲ್ಯುಲೋಸ್ ಗೋಡೆ ಕಟ್ಟಿಕೊಂಡು, ನಿಂತಲ್ಲೇ ಸತ್ತು ದಂಟಾಗುತ್ತವೆ. ಉಳಿದವು ಆ ದಂಟನ್ನು ಹತ್ತಿ, ತುದಿಯಲ್ಲಿ ಗಟ್ಟಿ ಕವಚದ ಬೀಜಕಗಳಾಗಿ ಕೂರುತ್ತವೆ. ಹಸಿವು ಶುರುವಾಗಿ ಇಷ್ಟೆಲ್ಲ ಆಗಲು ಸುಮಾರು 24 ಗಂಟೆ ಸಾಕು. ಮೇಲೆ ಕೂತವು ಯಾವುದಾದರೂ ಪ್ರಾಣಿಗೆ ಅಂಟಿ ಬೇರೆ ಜಾಗ ಸೇರಬಹುದು. ದಂಟಾದವುಗಳ ಕಥೆ ಅಲ್ಲಿಗೇ ಮುಗಿಯಿತು.

ಹಾಗಾದರೆ ದಂಟಾಗಲು ಒಪ್ಪುವುದು ಯಾಕೆ? ಎಲ್ಲವೂ ಒಂದೇ ತಾಯಿಕೋಶದ ಸಂತಾನವಾಗಿದ್ದರೆ ಉತ್ತರ ಸುಲಭ. ಸತ್ತರೂ ತನ್ನದೇ ವಂಶ ಉಳಿಯುತ್ತದೆ ಅಲ್ವಾ? ಆದರೆ ಕಾಡು ಅಷ್ಟು ಸರಳವಾಗಿಲ್ಲ. ನಮಗೆ ಪಶ್ಚಿಮದಲ್ಲಿರುವ ನೀಲಗಿರಿಯ ಮುದುಮಲೆ ಕಾಡಿನ ಮಣ್ಣನ್ನೂ ದೊಡ್ಡ ಪ್ರಾಣಿಗಳ ಲದ್ದಿಯನ್ನೂ ತಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಮತ್ತು ಸಂಗಡಿಗರು ಪರೀಕ್ಷಿಸಿದರು. 2010ರಲ್ಲಿ ಬಂದ ಅವರ ವರದಿಯ ಪ್ರಕಾರ, ಅವರು ವಿವರವಾಗಿ ನೋಡಿದ ಎರಡು ಜಾತಿಗಳಲ್ಲಿ ಹೆಚ್ಚಿನ ಗುಂಪುಗಳು ಬೆರಕೆ. ಬೇರೆ ಬೇರೆ ವಂಶದ ಅಮೀಬಾಗಳು ಒಂದೇ ದಂಟು ಕಟ್ಟಿದ್ದವು. ಇದಕ್ಕೆ ಲದ್ದಿಯೂ ಕಾರಣ. ಪ್ರಾಣಿ ನಾಲ್ಕಾರು ಕಡೆ ಮೇಯುತ್ತದೆ, ಅಲ್ಲಲ್ಲಿನ ಬೀಜಕಗಳು ಹೊಟ್ಟೆ ಸೇರುತ್ತವೆ, ದೂರದಲ್ಲೆಲ್ಲೋ ಒಟ್ಟಿಗೆ ನೆಲಕ್ಕೆ ಬಿದ್ದು ಮತ್ತೆ ಅಮೀಬಾಗಳಾಗುತ್ತವೆ. ಅಲ್ಲಿ ಹಸಿವಾದಾಗ ಯಾರು ಪಕ್ಕದಲ್ಲಿದ್ದಾರೋ ಅವರ ಜೊತೆಗೇ ಸೇರಬೇಕು.

ಸೇರಿದರೆ ಲಾಭವಿದೆ. ಬೆರಕೆ ಗುಂಪು ಅಷ್ಟೇ ದೊಡ್ಡದಾದ ಒಂದೇ ವಂಶದ ಗುಂಪಿನಷ್ಟು ದೂರ ತೆವಳಲಾರದು, ಇದನ್ನು 2002ರಲ್ಲೇ ಅಳೆದು ನೋಡಿದ್ದಾರೆ. ಆದರೆ ಗುಂಪು ದೊಡ್ಡದಾದಷ್ಟೂ ಜಾಸ್ತಿ ದೂರ ಹೋಗುತ್ತದೆ. ಹಾಗಾಗಿ ನಾಲ್ಕೇ ಜನ ನೆಂಟರ ಜೊತೆ ಉಳಿಯುವುದಕ್ಕಿಂತ ಪರರ ಜೊತೆ ಸೇರಿ ದೊಡ್ಡದಾಗುವುದು ಎಷ್ಟೋ ಸಲ ಮೇಲು.

ಹಾಗಂತ ಪೈಪೋಟಿ ನಿಲ್ಲುವುದಿಲ್ಲ, ಗುಂಪಿನೊಳಗೂ ನಡೆಯುತ್ತದೆ. ಕೆಲವು ವಂಶಗಳು ದಂಟಿನ ಪಾಲು ಕಡಿಮೆ ಕೊಟ್ಟು, ಬೀಜಕದ ಪಾಲು ಜಾಸ್ತಿ ಹೊಡೆಯುತ್ತವೆ. 2000ದಲ್ಲಿ ಒಂದು ಪಕ್ಕಾ ಮೋಸಗಾರ ತಳಿಯೂ ಸಿಕ್ಕಿತು. ಒಂದೇ ಒಂದು ಜೀನ್ ಕೆಟ್ಟಿದ್ದರಿಂದ ಅದು ಬೇರೆಯವರ ಜೊತೆ ಬೆರೆತಾಗ ತನ್ನ ಪಾಲಿಗಿಂತ ಹೆಚ್ಚು ಬೀಜಕ ಮಾಡಿಕೊಳ್ಳುತ್ತಿತ್ತು. ಅದನ್ನೇ ಬೇರೆ ಯಾರೂ ಇಲ್ಲದೆ ಪ್ರತ್ಯೇಕವಾಗಿ ಬೆಳೆಸಿ ನೋಡಿದರು. ಅದಕ್ಕೆ ನೆಟ್ಟಗೆ ನಿಲ್ಲಲೂ ಆಗಲಿಲ್ಲ, ಬೀಜಕಗಳೂ ಸರಿಯಾಗಿ ಆಗಲಿಲ್ಲ.