ಎರಡು ಗೆರೆಗಳು, ಮೂರು ಅಂತರಗಳು

ಮುಕ್ತತೆ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಜನ್ಯ, ಭಾವನಾತ್ಮಕ ಅಸ್ಥಿರತೆ ಎಂಬ ಐದು ಗುಣಗಳ ಸರಾಸರಿಯನ್ನು ನಕ್ಷೆಯ ಮೇಲೆ ಗುರುತಿಸಿ, ಒಂದೊಂದು ಗುಂಪಿಗೆ ಒಂದೊಂದು ಗೆರೆ ಎಳೆದು ಹೋಲಿಸುವುದು ವ್ಯಕ್ತಿತ್ವ ಸಮೀಕ್ಷೆಗಳ ವಾಡಿಕೆ. ಆ ಗೆರೆಗಳ ನಡುವೆ ಮೂರು ಬಗೆಯ ಅಂತರಗಳು ಸೇರಿಕೊಂಡಿರುತ್ತವೆ ಎಂಬುದನ್ನು ಮನೋವಿಜ್ಞಾನಿಗಳಾದ ಕ್ರಾನ್‌ಬಾಕ್ ಮತ್ತು ಗ್ಲೇಸರ್ 1953ರಲ್ಲೇ ವಿವರಿಸಿದ್ದರು: ಗೆರೆ ನಿಂತಿರುವ ಮಟ್ಟ, ಅದರ ಏರಿಳಿತದ ಪ್ರಮಾಣ ಮತ್ತು ಆಕಾರ, ಅಂದರೆ ಯಾವ ಗುಣ ಮೇಲೆ, ಯಾವುದು ಕೆಳಗೆ ಎಂಬುದು. ಎರಡು ಗೆರೆಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದನ್ನು ಹೆಚ್ಚೆಂದರೆ 1ರವರೆಗಿನ ಸಂಖ್ಯೆಯಲ್ಲಿ ಹೇಳುವ ಸಹಸಂಬಂಧ ಗುಣಾಂಕಕ್ಕೆ ಕಾಣುವುದು ಆಕಾರ ಮಾತ್ರ. ಒಂದು ಗುಂಪಿನ ಅಂಕಗಳು ಇನ್ನೊಂದಕ್ಕಿಂತ ಎಲ್ಲ ಗುಣಗಳಲ್ಲೂ ಹತ್ತು ಹತ್ತು ಹೆಚ್ಚಿದ್ದರೂ ಗುಣಾಂಕ 1 ಎಂದೇ ಬರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮಟ್ಟದ ಅಂತರ. ಬಹಿರ್ಮುಖತೆ, ಕರ್ತವ್ಯನಿಷ್ಠೆಗಳ ಜೊತೆಗೆ, ಸಾಮಾನ್ಯವಾಗಿ ಅವುಗಳಿಗೆ ವಿರುದ್ಧ ದಿಕ್ಕಿನಲ್ಲಿ ಚಲಿಸುವ ಭಾವನಾತ್ಮಕ ಅಸ್ಥಿರತೆಯೂ ಒಂದೇ ಗುಂಪಿನಲ್ಲಿ ಮೇಲೇರಿದ್ದರೆ, ಅದು ವ್ಯಕ್ತಿತ್ವದ ವ್ಯತ್ಯಾಸ ಎನ್ನುವ ಮೊದಲು ಆ ಗುಂಪಿನವರು ಯಾವ ಹೇಳಿಕೆಗಾದರೂ ‘ಒಪ್ಪುತ್ತೇನೆ’ ಎಂದು ಗುರುತು ಹಾಕುವ ಒಲವುಳ್ಳವರೇ ಎಂದು ನೋಡಬೇಕು. ಪ್ರಶ್ನಾವಳಿಯಲ್ಲಿ ‘ನಾನು ಮಾತುಗಾರ’ ಎಂಬಂಥ ಹೇಳಿಕೆಗಳಷ್ಟೇ ಸಂಖ್ಯೆಯಲ್ಲಿ ‘ನಾನು ಮಿತಭಾಷಿ’ ಎಂಬಂಥ ವಿಲೋಮ ಹೇಳಿಕೆಗಳೂ ಇದ್ದರೆ ಈ ಒಲವು ಬಹುಮಟ್ಟಿಗೆ ಪರಸ್ಪರ ರದ್ದಾಗುತ್ತದೆ. ಇಲ್ಲದಿದ್ದರೆ ಅದು ನೇರವಾಗಿ ಸರಾಸರಿಗೆ ಸೇರಿಕೊಳ್ಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ‘ನಾನು ಶಿಸ್ತಿನ ಮನುಷ್ಯ’ ಎಂಬ ಹೇಳಿಕೆಗೆ ಉತ್ತರಿಸುವವರು ತಮ್ಮನ್ನು ಸುತ್ತಲಿನವರೊಂದಿಗೆ ಹೋಲಿಸಿಕೊಳ್ಳುತ್ತಾರೆಯೇ ಹೊರತು ದೂರದ ಇನ್ನೊಂದು ಗುಂಪಿನೊಂದಿಗಲ್ಲ. ಹೀಗಾಗಿ ಎಲ್ಲರೂ ಶಿಸ್ತಿನವರೇ ಆಗಿರುವ ಗುಂಪಿನಲ್ಲಿ ಸರಾಸರಿ ಅಂಕ ಸಾಧಾರಣವಾಗಿಯೇ ಉಳಿಯಬಹುದು. ಒಂದೇ ಪ್ರಮಾಣದ ಗುಣವಿರುವ ಇಬ್ಬರು, ಯಾವ ಗುಂಪಿನವರಾದರೂ, ಒಂದು ಹೇಳಿಕೆಗೆ ಸರಾಸರಿಯಲ್ಲಿ ಒಂದೇ ಅಂಕ ಕೊಡುತ್ತಾರೆಯೇ ಎಂಬುದನ್ನು ಮಾಪನ ಸಮತೆಯ ವಿಶ್ಲೇಷಣೆಯಿಂದ ಪರೀಕ್ಷಿಸಬಹುದು. ಆದರೆ ಹೋಲಿಕೆಯ ಮಾನದಂಡವೇ ಇಡೀ ಗುಂಪಿನಲ್ಲಿ, ಎಲ್ಲ ಹೇಳಿಕೆಗಳಿಗೂ ಸಮನಾಗಿ ಸರಿದಿದ್ದರೆ ಈ ವಿಶ್ಲೇಷಣೆಗೂ ಅದು ಸಿಕ್ಕುವುದಿಲ್ಲ. ಹಾಜರಾತಿ, ಸಮಯಪಾಲನೆಯಂಥ ನಡವಳಿಕೆಯ ದಾಖಲೆಗಳನ್ನು ಜೊತೆಗಿಟ್ಟು ನೋಡಬೇಕೆಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ದಾಟಿ ಉಳಿದ ಅಂತರ ಪ್ರಮಾಣ ವಿಚಲನೆಯ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) ಅರ್ಧದಷ್ಟಿದೆ ಎನ್ನಿ. ಅಂಕಗಳು ಎರಡೂ ಗುಂಪುಗಳಲ್ಲಿ ಹೆಚ್ಚಿನವರು ಸರಾಸರಿಯ ಬಳಿಯೇ ಇರುವ, ಗಂಟೆಯಾಕಾರದ ‘ಸಾಮಾನ್ಯ ಹಂಚಿಕೆ’ಯನ್ನು ಅನುಸರಿಸುತ್ತಿದ್ದು, ಹರಡಿಕೆಯೂ ಸಮನಾಗಿದ್ದರೆ, ಎರಡು ವಕ್ರರೇಖೆಗಳು ಸುಮಾರು ಶೇ 80ರಷ್ಟು ಒಂದರ ಮೇಲೊಂದು ಬೀಳುತ್ತವೆ. ಗುಂಪಿಗೊಬ್ಬರಂತೆ ಯಾದೃಚ್ಛಿಕವಾಗಿ ಆರಿಸಿದರೆ, ನೂರರಲ್ಲಿ ಸುಮಾರು 36 ಬಾರಿ ‘ಕಡಿಮೆ’ ಗುಂಪಿನವರ ಅಂಕವೇ ಹೆಚ್ಚಿರುತ್ತದೆ. ಗೆರೆಗಳ ನಕ್ಷೆಯಲ್ಲಿ ಇದರ ಸುಳಿವೂ ಇರುವುದಿಲ್ಲವಾದ್ದರಿಂದ, ನೇಮಕಾತಿಯಂಥ ನಿರ್ಧಾರಗಳಿಗೆ ಬಳಸುವ ವರದಿಗಳಲ್ಲಿ ಸರಾಸರಿಯ ಗೆರೆಗಳ ಬದಲು ಹಂಚಿಕೆಯ ಪೂರ್ಣ ಚಿತ್ರವನ್ನೇ ಕೊಡುವುದು ಒಳ್ಳೆಯದು.